ನಿಡೋಣಿಯ ಇಬ್ಬರು ಶಂಕ್ರೆವ್ವರು

ಬಾಬುಸಾಬನ ಮಗಳು ಮುನೀರಾ ಮುಂಬಯಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದಾಳೆ ಎಂಬ ಸುದ್ದಿ ಗೋಳಗುಮ್ಮಟದ ಸುತ್ತಲಿನ ಅಂಗಡಿಗಳಲ್ಲಿ ಬಹಳ ದಿನ ಓಡಾಡಿತು. ಅದು ೧೯೭೬. ವಿಜಾಪುರದಲ್ಲಿ ಆ ಯಂತ್ರವನ್ನು ಕಣ್ಣಾರೆ ಕಂಡವರು ಇರಲಿಲ್ಲವೆಂದೇ ಹೇಳಬೇಕು. ಗುಮ್ಮಟದ ಎದುರು ಸೋಡಾ, ನಿಂಬೂ ಶರಬತ್ತು ಮಾರುತ್ತಿದ್ದ ಬಾಬುಸಾಬನನ್ನು ಜನ ನಿಲ್ಲಿಸಿ ಕೇಳುತ್ತಿದ್ದರು: "ಆ ಮಿಷನ್ ಏನ್ ಮಾಡತೈತೋ ಮಾರಾಯಾ?"

"ಲೆಕ್ಕಾ ಮಾಡತೈತಿ. ಆದ್ರ ಹೆಂಗ ಮಾಡಬೇಕಂತ ಮೊದಲ ನಮ್ಮ ಮುನೀರಾ ಅದಕ್ಕ ಹೇಳಿಕೊಡಬೇಕು," ಎನ್ನುತ್ತಿದ್ದ ಅವನು, ಸೋಡಾ ಬಾಟಲಿಯ ಗೋಲಿಯನ್ನು ಠಪ್ಪೆಂದು ಒಳಗೆ ಒತ್ತುತ್ತ.

ಮುನೀರಾ ಸೇರಿದ್ದು ಊರಿನ ಒಂದು ಧರ್ಮದ ಆಸ್ಪತ್ರೆಗೆ. ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರು ಡಾಕ್ಟರ್ ನಿಜಾಮುದ್ದೀನ. ಬಬಲೇಶ್ವರ, ತಿಕೋಟಾ ಕಡೆಯ ಹಳ್ಳಿಗಳಲ್ಲಿ ಕ್ಷಯ ಬಹಳ ಇತ್ತು. ಎರಡು ವರ್ಷ ಹಿಂದೆ ಡಾಕ್ಟರರು ಹಳ್ಳಿ ಹಳ್ಳಿಗೆ ಜನ ಕಳಿಸಿ, ಕೆಮ್ಮುವವರ ಕಫ ತರಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದರು. ರೋಗದ ಹುಳ ಕಂಡವರು ಸಾಕಷ್ಟು ಜನ ಇದ್ದರು, ಆದರೆ ಔಷಧಕ್ಕೆ ಬಂದವರು ಕಡಿಮೆ. ಉಳಿದವರು ಎಲ್ಲಿದ್ದಾರೆ, ಯಾವ ಮನೆಯಲ್ಲಿದ್ದಾರೆ ಎಂದು ಹುಡುಕುವಷ್ಟರಲ್ಲಿ ಹಣ ಮುಗಿದಿತ್ತು. ಈಗ ಹೊಸದಾಗಿ ಮನೆಮನೆಯ ಜನಗಣತಿ ಮಾಡಿಸಿದ್ದರು. ಹಳೆಯ ಕಫದ ಚೀಟಿಯ ಹೆಸರನ್ನು ಹೊಸ ಗಣತಿಯ ಹೆಸರಿನ ಜೊತೆ ಕೂಡಿಸಿ, "ಈ ರೋಗಿ ಇಂಥ ಮನೆಯಲ್ಲಿದ್ದಾನೆ" ಎಂದು ತೋರಿಸಿಕೊಡುವುದು ಮುನೀರಾಳ ಕೆಲಸ.

ಕೈಯಿಂದ ಮಾಡಿದರೆ ವರ್ಷಗಟ್ಟಲೆ ಹಿಡಿಯುವ ಕೆಲಸ ಅದು. ಅವಳು ಲೆಕ್ಕದ ಸೂಚನೆಗಳನ್ನು ಕಾಗದದ ಮೇಲೆ ಸಾಲಾಗಿ ಬರೆದು ಕೊಡುತ್ತಿದ್ದಳು. ಅದು ಗಂಟು ಕಟ್ಟಿಸಿಕೊಂಡು ರೈಲಿನಲ್ಲಿ ಸೊಲ್ಲಾಪುರದ ಮೇಲೆ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿ ಹೆಸರುಗಳನ್ನೂ ಸೂಚನೆಗಳನ್ನೂ ತೂತು ಹೊಡೆದ ದಪ್ಪ ಕಾರ್ಡುಗಳಿಗೆ ಇಳಿಸಿ ಯಂತ್ರಕ್ಕೆ ಉಣ್ಣಿಸಿದರೆ, ಅದು ಉತ್ತರವನ್ನು ಅಚ್ಚು ಹಾಕಿ ಕೊಡುತ್ತಿತ್ತು. ತಪ್ಪಿದ್ದರೆ ಮತ್ತೆ ಗಂಟು, ಮತ್ತೆ ರೈಲು.

ಮೊದಲ ಸಲ ಬಂದ ಉತ್ತರ ನೋಡಿ ಡಾಕ್ಟರರ ಮುಖ ಸಪ್ಪಗಾಯಿತು. ಕೂಡಿದ ಹೆಸರುಗಳು ಬೆರಳೆಣಿಕೆಯಷ್ಟು. ಕಾರಣ ಮುನೀರಾಳಿಗೆ ಗೊತ್ತಿತ್ತು. ಹೆಸರು, ಅಡ್ಡಹೆಸರು, ಊರಿನ ಜೊತೆಗೆ ವಯಸ್ಸೂ ಹೊಂದಬೇಕು ಎಂದು ಅವಳು ಬರೆದಿದ್ದಳು. ಹಳ್ಳಿಯಲ್ಲಿ ಯಾರಿಗೆ ವಯಸ್ಸು ಗೊತ್ತಿರುತ್ತದೆ? ಒಂದು ಸಲ ಮೂವತ್ತು ಎಂದವರು ಇನ್ನೊಂದು ಸಲ ನಲವತ್ತು ಎನ್ನುತ್ತಾರೆ. ಅವಳು ವಯಸ್ಸನ್ನೇ ತೆಗೆದುಹಾಕಿದಳು. ಹಾಗೆ ಮಾಡಿದಾಗ ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು ಸಿಕ್ಕರೆ ಏನು ಗತಿ ಎಂಬ ಪ್ರಶ್ನೆ ಎದುರಿಗೆ ಬಂದು ನಿಂತಿತು. ನಿಡೋಣಿಯಂಥ ದೊಡ್ಡ ಊರಲ್ಲಿ ಅರ್ಧ ಜನ ಬಿರಾದಾರರು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿ ಬೇರೆ. ಅವಳಿಗೆ ಅದು ತಿಳಿಯದ್ದಲ್ಲ. ಇಂಥವನ್ನು ಬೇರೆ ತೆಗೆದಿಟ್ಟು ಹಳ್ಳಿಗೆ ಹೋಗಿ ವಿಚಾರಿಸಬೇಕಿತ್ತು. ಆದರೆ ಮುಂಬಯಿಯ ವೈದ್ಯರ ಸಮ್ಮೇಳನ ಹತ್ತಿರ ಬಂದಿತ್ತು, ಯಂತ್ರದ ಮುಂದೆ ಸರದಿ ಸಿಗುವುದೇ ಕಷ್ಟವಾಗಿತ್ತು. "ಇಬ್ಬರು ಸಿಕ್ಕರೆ ಮೊದಲು ಸಿಕ್ಕವರನ್ನೇ ಹಿಡಿ" ಎಂದು ಒಂದು ಸಾಲು ಬರೆದು ಗಂಟು ಕಟ್ಟಿಸಿದಳು.

ಈ ಸಲ ಬಂದ ಉತ್ತರ ನೋಡಿ ಡಾಕ್ಟರರು ಕುರ್ಚಿ ಬಿಟ್ಟು ಎದ್ದರು. "ಶಾಬಾಸ್ ಬೇಟಿ! ಕಳೆದುಹೋದವರೆಲ್ಲಾ ಸಿಕ್ರಲ್ಲ!" ಎಂದರು. ಅವಳು ನಕ್ಕಳು. ಆ ಸಾಲಿನ ಮಾತು ಹೇಳಲಿಲ್ಲ.

ಮರುವಾರವೇ ಆಸ್ಪತ್ರೆಯ ಜೀಪು ನಿಡೋಣಿಗೆ ಹೋಯಿತು. ಜೀಪು ಕಂಡರೆ ಸಂತಾನಹರಣದ ಆಪರೇಷನ್ನಿಗೆ ಹಿಡಿದೊಯ್ಯುತ್ತಾರೆಂದು ಗಂಡಸರು ಜೋಳದ ಹೊಲ ಸೇರುತ್ತಿದ್ದ ವರ್ಷ ಅದು. ಬೀದಿಯಲ್ಲಿ ಉಳಿದವರು ಹೆಂಗಸರೇ. ಆಸ್ಪತ್ರೆಯ ಆರೋಗ್ಯ ಸಹಾಯಕ ಗೊಲ್ಲಾಳಪ್ಪ ಒಂದು ಮನೆಯ ಮುಂದೆ ಇಳಿದು, "ಶಂಕ್ರೆವ್ವ ಬಿರಾದಾರ ಅನ್ನಾಕಿ ಇದ ಮನ್ಯಾಗ ಅದಾಳೇನ್ರಿ? ಆಕೀ ಕಫದಾಗ ಟಿ.ಬಿ. ಸಿಕ್ಕೈತಿ," ಎಂದ. ರೊಟ್ಟಿ ಬಡಿಯುತ್ತಿದ್ದ ಇಪ್ಪತ್ತರ ಹರೆಯದ ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನೆಗಡಿಯಾಗಿ ಅವಳು ಆ ವಾರ ಒಂದಿಷ್ಟು ಕೆಮ್ಮುತ್ತಲೂ ಇದ್ದಳು. ಅಷ್ಟೇ ಸಾಕಾಯಿತು. ಬೀದಿಯ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು ಹಿಂದೆ ಸರಿದರು. ಅತ್ತೆ ಕಾಳವ್ವ ಬಡಿದಿಟ್ಟ ರೊಟ್ಟಿಯ ಬುಟ್ಟಿಯನ್ನೇ ಎತ್ತಿಕೊಂಡು ಹೋಗಿ ಎಮ್ಮೆಗೆ ಸುರಿದಳು. ಸಂಜೆಯ ಬಸ್ಸಿಗೆ ಸೊಸೆಯನ್ನು ತಿಕೋಟಾದ ತವರಿಗೆ ಕಳಿಸಿಬಿಟ್ಟರು. ಗಂಡ ಬಸಗೊಂಡಪ್ಪ ಬಾಯಿ ಬಿಡಲಿಲ್ಲ.

ಅಲ್ಲಿಂದ ಮುಂದೆ ಗೊಲ್ಲಾಳಪ್ಪ ಸೈಕಲ್ ತುಳಿದುಕೊಂಡು ತಿಕೋಟಾಕ್ಕೆ ಹೋಗಿ ಅವಳಿಗೆ ದಿನಾ ಇಂಜೆಕ್ಷನ್ ಕೊಟ್ಟ. ನಡುವೆ ಒಮ್ಮೆ ಕಫ ನೋಡಿದಾಗ ಹುಳ ಕಾಣಲಿಲ್ಲ. "ಔಷಧ ನಾಟೇತಿ," ಎಂದರು ಡಾಕ್ಟರರು.

ಇದೆಲ್ಲ ಮುನೀರಾಳಿಗೆ ತಿಳಿದದ್ದು ಶಂಕ್ರೆವ್ವನ ತಂದೆ ಗುರಲಿಂಗಪ್ಪ ಆಸ್ಪತ್ರೆಗೆ ಬಂದ ದಿನ. ಡಾಕ್ಟರರು ಊರಲ್ಲಿರಲಿಲ್ಲ. ಯಾರೋ ಅವನನ್ನು ಅವಳ ಕೋಣೆಗೆ ಕಳಿಸಿದ್ದರು. ತಲೆಗೆ ಪಟಕಾ ಸುತ್ತಿದ ಎತ್ತರದ ಮನುಷ್ಯ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೋಣೆಯ ನಾಲ್ಕೂ ಮೂಲೆ ನೋಡಿದ.

"ಮಿಷನ್ ಎಲ್ಲೈತ್ರಿ ತಂಗಿ?"

"ಅದು ಮುಂಬೈದಾಗ ಐತ್ರಿ. ಏನಾಗಬೇಕಿತ್ತು?"

"ಅದಕ್ಕ ಒಂದ ಮಾತ ಕೇಳಬೇಕಾಗಿತ್ರಿ. ನನ್ನ ಮಗಳ ಕಫಾ ಎರಡ ವರ್ಷದ ಹಿಂದ ನಿಡೋಣ್ಯಾಗ ತಗೊಂಡೀವಿ ಅಂತ ಹೇಳತೈತಂತ. ಎರಡ ವರ್ಷದ ಹಿಂದ ಆಕೀ ನಿಡೋಣಿ ಕಂಡಾಕೇ ಅಲ್ರಿ. ನಮ್ಮನ್ಯಾಗ, ತಿಕೋಟಾದಾಗ ಇದ್ಲು. ಲಗ್ನ ಆಗಿದ್ದ ಹ್ವಾದ ವರ್ಷ."

ಆ ಒಂದು ಸಾಲು ಮುನೀರಾಳಿಗೆ ತಟ್ಟನೆ ನೆನಪಾಯಿತು. ಇಬ್ಬರು ಸಿಕ್ಕರೆ ಮೊದಲು ಸಿಕ್ಕವರು. ಗುರಲಿಂಗಪ್ಪ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

"ಮತ್ತ ಇನ್ನೊಂದೈತ್ರಿ. ಆಕೀಗಿ ಕಿವ್ಯಾಗ ಗುಂಯ್ ಅಂತೈತಂತ. ತಲಿ ತಿರಗಿ ನಿಂತಲ್ಲೇ ತೂಲಿ ಹೋಗತಾಳ. ಸೂಜಿ ನಿಂದ್ರಸಬೇಕೇನು ಅಂತ ಕೇಳೂಣಂತ ಬಂದೀನ್ರಿ."

ಆಗ ಅವಳು ಹೇಳಬಹುದಿತ್ತು. ಹೇಳುವುದಕ್ಕೆ ಒಂದೇ ಮಾತು ಇತ್ತು. ಆದರೆ ಸಮ್ಮೇಳನಕ್ಕೆ ಡಾಕ್ಟರರು ಅವಳನ್ನೂ ಕರೆದುಕೊಂಡು ಹೋಗುವವರಿದ್ದರು. ರೈಲಿನ ಟಿಕೀಟು ಆಗಿತ್ತು, ಅಮ್ಮ ಹೊಸ ಸೀರೆಗೆ ಫಾಲ್ ಹಚ್ಚುತ್ತಿದ್ದಳು. "ಮಿಷನ್ನಿಗೆ ಸುಳ್ಳು ಹೇಳಾಕ ಬರೂದಿಲ್ರಿ ಕಾಕಾ," ಎಂದುಬಿಟ್ಟಳು. "ತಾರೀಖು ಹಿಂದಮುಂದ ಆಗಿರಬೇಕು. ಡಾಕ್ಟರ್ ಬಂದಮ್ಯಾಲ ನಾ ಹೇಳತೇನಿ. ಅಲ್ಲೀತನಕಾ ಔಷಧ ಬಿಡಬ್ಯಾಡ್ರಿ."

"ನೀವು ಕಲ್ತವರು. ನೀವ ಹೇಳಿದಮ್ಯಾಲ ಆತು," ಎಂದು ಅವನು ಕೈಮುಗಿದು ಹೋದ. ಹಾಗೆ ಕೈಮುಗಿದದ್ದು ಅವಳಿಗೆ ಹೊಡೆದಂತಾಯಿತು. ಆದರೂ ಡಾಕ್ಟರರು ಬಂದ ಮೇಲೆ ಅವಳು ಹೇಳಲಿಲ್ಲ. ಅವರು ಭಾಷಣ ತಿದ್ದುವ ಗಡಿಬಿಡಿಯಲ್ಲಿದ್ದರು, ಮುಂಬಯಿಯಿಂದ ಬಂದ ಮೇಲೆ ಹೇಳಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಮುಂಬಯಿಯ ಸಭೆಯಲ್ಲಿ ಡಾಕ್ಟರ್ ನಿಜಾಮುದ್ದೀನರು ಸೊಗಸಾಗಿ ಮಾತಾಡಿದರು. ಅಂಕಿಗಳನ್ನು ಹೇಳಿ ಮುಗಿಸಿದ ಮೇಲೆ, ಇವು ಬರೀ ಅಂಕಿಗಳಲ್ಲ, ಇದರ ಹಿಂದೆ ಜೀವಗಳಿವೆ ಎಂದರು. ಹೊಸದಾಗಿ ಮದುವೆಯಾದ ಒಬ್ಬ ರೈತರ ಹುಡುಗಿ, ತನಗೆ ರೋಗವಿರುವುದೇ ಗೊತ್ತಿಲ್ಲದೆ ಸಂಸಾರ ಮಾಡುತ್ತಿದ್ದಳು. ಈ ವಿಧಾನ ಇಲ್ಲದಿದ್ದರೆ ಅವಳೂ ಉಳಿಯುತ್ತಿರಲಿಲ್ಲ, ಹುಟ್ಟುವ ಕೂಸೂ ಉಳಿಯುತ್ತಿರಲಿಲ್ಲ ಎಂದರು. ಆಮೇಲೆ, "ಇದನ್ನು ಮಾಡಿದವಳು ನಮ್ಮ ಊರಿನದೇ ಹುಡುಗಿ," ಎಂದು ಮುನೀರಾಳನ್ನು ಎಬ್ಬಿಸಿ ನಿಲ್ಲಿಸಿದರು. ದೊಡ್ಡ ದೊಡ್ಡ ವೈದ್ಯರು ಹಿಂತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವವರೆಗೆ ಅವಳು ನಿಂತೇ ಇರಬೇಕಾಯಿತು. ಎಲ್ಲರೂ ಅವಳ ಕೆಂಪಾದ ಮುಖ ನೋಡಿ, ಹಳ್ಳಿಕಡೆಯ ಹುಡುಗಿ, ಸಂಕೋಚ ಎಂದುಕೊಂಡರು.

ಹಿಂತಿರುಗುವಾಗ ರೈಲು ಸೊಲ್ಲಾಪುರ ಬಿಟ್ಟ ಮೇಲೆ ಅವಳು ಬಾಯಿ ಬಿಟ್ಟಳು. "ಸರ್, ಆ ನಿಡೋಣಿ ಹುಡುಗೀಗಿ ರೋಗ ಇಲ್ಲಂತ ನನಗ ಅನಸ್ತದ," ಎಂದು ಸುರು ಮಾಡಿ, ವಯಸ್ಸು ತೆಗೆದದ್ದು, ಆ ಸಾಲು ಬರೆದದ್ದು, ಗುರಲಿಂಗಪ್ಪ ಬಂದದ್ದು ಎಲ್ಲ ಹೇಳಿದಳು. ಕಿವಿಯ ಮಾತು ಬಂದಾಗ ಡಾಕ್ಟರರು ಕನ್ನಡಕ ತೆಗೆದರು.

"ಕಿವಿ ಅಂದ್ಯಾ? ಯಾವಾಗ ಹೇಳಿದ್ದ ಆತ?"

"ನಾವು ಹೋಗೂ ಮೊದಲ, ಸರ್."

"ಯಾ ಅಲ್ಲಾ," ಎಂದರು ಅವರು ಮೆಲ್ಲಗೆ. "ಆ ಇಂಜೆಕ್ಷನ್ ಕೆಲವರ ಕಿವಿ ತಿಂತದ ಬೇಟಿ. ಗುಂಯ್ ಅಂದ ದಿನಾನೇ ನಿಲ್ಲಿಸಬೇಕಾಗಿತ್ತು."

ವಿಜಾಪುರದ ನಿಲ್ದಾಣದಲ್ಲಿ ಇಳಿಯುವಾಗ ಡಾಕ್ಟರರು, ಇಂಜೆಕ್ಷನ್ ಇವತ್ತೇ ನಿಲ್ಲಿಸುತ್ತೇನೆ, ಗುಣವಾಗಿದೆ ಎಂದು ಹೇಳಿ ಕಳಿಸುತ್ತೇನೆ ಎಂದರು. ಖರೇ ರೋಗಿಯನ್ನು ಮುಂದಿನ ಸಲ ಜೀಪು ನಿಡೋಣಿಗೆ ಹೋದಾಗ ಗುಟ್ಟಾಗಿ ಹುಡುಕಿದರಾಯಿತು, ಕಾರಣ ಮಾತ್ರ ಯಾರಿಗೂ ಹೇಳುವುದು ಬೇಡ. "ಆಸ್ಪತ್ರಿಯವರು ತಪ್ಪ ಮಾಡ್ಯಾರಂತ ಒಂದ ಸಲ ಹಬ್ಬಿತಂದ್ರ, ಖರೇನೇ ರೋಗ ಇದ್ದವರೂ ಬಾಗಲಾ ಹಾಕ್ಕೋತಾರ. ಅವರು ಸಾಯತಾರ." ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಅನುಕೂಲವಾಯಿತು. ತಲೆ ಆಡಿಸಿದಳು.

ಬೇಸಿಗೆ ಕಳೆಯಿತು, ಜೀಪು ಮತ್ತೆ ನಿಡೋಣಿಗೆ ಹೋಗಲಿಲ್ಲ. ಶಂಕ್ರೆವ್ವನ ಕಿವಿ ಹೆಚ್ಚುಕಡಿಮೆ ಹೋದಂತೆಯೇ ಎಂದು ಗೊಲ್ಲಾಳಪ್ಪನ ಬಾಯಿಂದ ಕೇಳಿದಳು. "ಗುಣ ಆಗೇತಿ ಅಂದ್ರೂ ಆಕೀ ಅತ್ತಿ ಕರಕೊಳ್ಳವಲ್ಲಳ್ರಿ," ಎಂದ ಅವನು. ಮುನೀರಾ ಕೆಲಸದಲ್ಲಿ ತಲೆ ತಗ್ಗಿಸಿದಳು. ಮನೆಯಲ್ಲಿ ಅಬ್ಬಾ ಬಂದುಹೋಗುವವರ ಮುಂದೆ ಅವಳನ್ನು ಹೊಗಳುವುದು ಕೇಳಿದರೆ ಒಳಗೆ ಹೋಗಿ ನೀರಿನ ಮಡಕೆಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದಳು. ಅನ್ನ ಇಳಿಯುತ್ತಿರಲಿಲ್ಲ. ಹುಡುಗಿಗೆ ದೃಷ್ಟಿಯಾಗಿದೆ ಎಂದು ಅಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಮಳೆಗಾಲದ ಸುರುವಿಗೆ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ನಿಡೋಣಿಯಿಂದ ಒಬ್ಬಳನ್ನು ಎತ್ತಿನ ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಐವತ್ತರ ಹತ್ತಿರದ ಹೆಂಗಸು, ಎಲುಬಿನ ಹಂದರವಾಗಿದ್ದಳು, ಕೆಮ್ಮಿದರೆ ರಕ್ತ. ಹೆಸರು ಕೇಳಿದರೆ ಶಂಕ್ರೆವ್ವ ಬಿರಾದಾರ ಎಂದಳು. ಮುನೀರಾ ಹಾಸಿಗೆಯ ಪಕ್ಕ ನಿಂತಿದ್ದಾಗ ಆಕೆ ಕಣ್ಣು ತೆರೆದು, "ಎರಡ ವರ್ಷದ ಮ್ಯಾಲಾತ್ರಿ ನನ್ನ ಕಫಾ ಒಯ್ದು. ಏನಂತ ಯಾರೂ ಹೇಳಲೇ ಇಲ್ಲ. ಏನೂ ಇಲ್ಲಂತ ತಿಳಕೊಂಡೆ," ಎಂದಳು. ದೂರಿನ ದನಿಯಲ್ಲ, ಹೇಳಿದಳು ಅಷ್ಟೇ. ಆ ವಾರವೇ ಆಕೆ ತೀರಿಕೊಂಡಳು.

ಮುನೀರಾ ಯಾರಿಗೂ ಹೇಳದೆ ತಿಕೋಟಾದ ಬಸ್ಸು ಹತ್ತಿದಳು.

ಗುರಲಿಂಗಪ್ಪನ ಮನೆ ಬಸ್‌ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಅಂಗಳದಲ್ಲಿ ನಾಲ್ಕಾರು ಹೆಂಗಸರು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಅವರಿಂದ ಸ್ವಲ್ಪ ಸರಿದು, ಕಂಬಕ್ಕೆ ಬೆನ್ನು ಕೊಟ್ಟು ಶಂಕ್ರೆವ್ವ ಕೂತಿದ್ದಳು. ಗುರಲಿಂಗಪ್ಪ ಎದ್ದು ಬಂದು, "ಬರ್ರಿ ತಂಗಿ," ಎಂದು ಕಂಬಳಿ ಹಾಸಿದ. ಮುನೀರಾ ಕೂರಲಿಲ್ಲ. "ಕಾಕಾ, ಸ್ವಲ್ಪ ಒಳಗ ಬರ್ರಿ, ಒಂದ ಮಾತೈತಿ," ಎಂದು ಮೆಲುದನಿಯಲ್ಲಿ ಕರೆದಳು. ಒಳಗಿನ ಕತ್ತಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು.

ಗುರಲಿಂಗಪ್ಪ ಗೋಡೆ ಹಿಡಿದ. ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ. "ನನಗ್ಯಾಕ ಹೇಳತೀರಿ?" ಎಂದ. "ಆಕೀಗಿ ಹೇಳ್ರಿ. ಕಿವಿ ಹೋಗಿದ್ದ ಆಕೀವು."

ಅಂಗಳಕ್ಕೆ ಬಂದು ಅವಳು ಶಂಕ್ರೆವ್ವನ ಮುಂದೆ ಮೊಣಕಾಲೂರಿದಳು. "ಶಂಕ್ರೆವ್ವಾ, ನಾ ಆಸ್ಪತ್ರಿಯಿಂದ ಬಂದೇನಿ. ನಿನಗ..." ಎಂದಳು. ಹುಡುಗಿ ಅವಳ ತುಟಿಯನ್ನೇ ನೋಡಿ ತಲೆ ಅಲ್ಲಾಡಿಸಿದಳು.

"ಜೋರಾಗಿ ಹೇಳ್ರಿ," ಎಂದ ಗುರಲಿಂಗಪ್ಪ ಹಿಂದಿನಿಂದ. "ಒದರಿದ್ರ ಒಂದೀಟ ಕೇಳತೈತಿ."

ಮುನೀರಾ ದನಿ ಎತ್ತಿದಳು. ಸಾಲಲಿಲ್ಲ. ಇನ್ನೂ ಎತ್ತಿದಳು. ಜನ್ಮದಲ್ಲಿ ಅಷ್ಟು ಜೋರಾಗಿ ಅವಳು ಮಾತಾಡಿರಲಿಲ್ಲ. "ನಿನಗ ಟಿ.ಬಿ. ಇರಲೇ ಇಲ್ಲ! ಅದು ಬ್ಯಾರೆ ಶಂಕ್ರೆವ್ವಂದು! ತಪ್ಪು ನಂದು!" ದ್ರಾಕ್ಷಿ ಬಿಡಿಸುತ್ತಿದ್ದ ಕೈಗಳು ನಿಂತವು. ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ಬಂದು ನಿಂತರು. ಅವಳ ಕತ್ತು, ಕಿವಿ, ಅಂಗೈ ಎಲ್ಲ ಬಿಸಿಯಾದವು.

ಶಂಕ್ರೆವ್ವ ಕೇಳಿದಳು, ಕಿವುಡರ ಏರುದನಿಯಲ್ಲಿ: "ನಮ್ಮಪ್ಪ ಬಂದು ಹೇಳಿದ ದಿನಾ ನಿಮಗಿದು ಗೊತ್ತಾಗಿತ್ತೇನ್ರಿ?"

ಇಲ್ಲ ಎಂದರೆ ನಂಬುತ್ತಿದ್ದರು. ಮುನೀರಾ ನೆಲ ನೋಡುತ್ತ, "ಹೂಂ," ಎಂದಳು.

"ಏನಂದ್ರಿ?"

"ಗೊತ್ತಾಗಿತ್ತು!" ಎಂದು ಕೂಗಿದಳು ಅವಳು. ಕೂಗಿ, ಮುಖ ಮುಚ್ಚಿಕೊಂಡು ಅಲ್ಲೇ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

ಅಳು ತಗ್ಗಿದ ಮೇಲೆ ಶಂಕ್ರೆವ್ವ ಎಂದಳು, "ಇಲ್ಲಿ ಯಾಕ ಒದರತೀರಿ? ಇಲ್ಲಿ ನನ್ನ ಯಾರೂ ಹೊರಗ ಹಾಕಿಲ್ಲ. ನಿಡೋಣಿಗಿ ಹೋಗಿ ಹೇಳ್ರಿ. ಇಷ್ಟ ಜೋರಾಗೇ ಹೇಳ್ರಿ."

ಮರುದಿನ ಮುನೀರಾ ಬಬಲೇಶ್ವರಕ್ಕೆ ಹೋಗಿ ಅಲ್ಲಿಂದ ನಿಡೋಣಿಗೆ ಹೋದಳು. ಅಂದು ಜೀಪು ನಿಂತಿದ್ದ ಜಾಗದಲ್ಲೇ ನಿಂತು, ಬಾಗಿಲಿಗೆ ಬಂದ ಕಾಳವ್ವನಿಗೂ ಕೂಡಿದ ಬೀದಿಗೂ ಕೇಳುವ ಹಾಗೆ ಹೇಳಿದಳು. ನಾಲಿಗೆ ಒಣಗಿತು. ಕಾಳವ್ವ ನೀರು ಕೊಡಲಿಲ್ಲ. ಆಕೆಯ ಮುಖದಲ್ಲಿ ಮೊದಲು ಸಿಟ್ಟು, ಆಮೇಲೆ ತನ್ನದೇ ನಾಚಿಕೆ ಬಂದು ಹೋಯಿತು. ನಾಚಿಕೆಯನ್ನು ನುಂಗಿಕೊಳ್ಳಲು ಆಕೆಗೆ ಸಿಟ್ಟೇ ಬೇಕಾಯಿತು. "ರೋಗ ಇಲ್ಲ ಅಂದ್ರ ಇಲ್ಲ. ಈಗ ಕಿವುಡಿ ಆಗ್ಯಾಳಲ್ಲ, ಅದನ್ಯಾರು ತಿದ್ದತಾರ? ನಿನ್ನ ಮಿಷನ್ ತಿದ್ದತೈತೇನು?" ಎಂದು ಬಾಗಿಲು ಹಾಕಿಕೊಂಡಳು.

ಊರ ಹೊರಗೆ ಬಸ್ಸಿಗೆ ಕಾಯುತ್ತ ನಿಂತಾಗ ಬಸಗೊಂಡಪ್ಪ ಹಿಂದೆ ಬಂದ. ಹೆಂಗಸರ ಮುಂದೆ ಕಣ್ಣೆತ್ತದ ಗಂಡು. "ಕಿವಿ ತಿರಗಿ ಬರತಾವೇನ್ರಿ?" ಎಂದು ಕೇಳಿದ.

"ಇಲ್ರಿ."

ಅವನು ಕೂತು ಕರಿನೆಲದ ಮೇಲೆ ಬೆರಳಿನಿಂದ ಗೆರೆ ಎಳೆದ. "ಅವತ್ತ ನಾ ಒಂದ ಮಾತಾಡಿದ್ರ ಆಕೀ ಇಲ್ಲೇ ಇರತಿದ್ಲು," ಎಂದ. ಅದು ಅವಳಿಗೆ ಹೇಳಿದ ಮಾತಾಗಿರಲಿಲ್ಲ. ಬಸ್ಸು ಬಂತು. ಶ್ರಾವಣದಲ್ಲಿ ಅವನೇ ತಿಕೋಟಾಕ್ಕೆ ಹೋದನಂತೆ. ಶಂಕ್ರೆವ್ವ ಮೊದಲ ಸಲ ಬರುವುದಿಲ್ಲ ಎಂದಳಂತೆ, ಎರಡನೆಯ ಸಲ ಹೋದಾಗ ಬಂದಳಂತೆ. ತಾಯಿಯಿಂದ ಬೇರೆಯಾಗಿ ಹೊಲದ ಮನೆಯಲ್ಲಿ ಸಂಸಾರ ಹೂಡಿದರೆಂದು ಗೊಲ್ಲಾಳಪ್ಪ ಹೇಳಿದ.

ಮುನೀರಾ ಮುಂಬಯಿಯ ಸಮ್ಮೇಳನದವರಿಗೂ ಬರೆದು, ಡಾಕ್ಟರರು ಹೇಳಿದ ಅಂಕಿ ತಪ್ಪು, ತಪ್ಪಿಗೆ ತಾನೇ ಹೊಣೆ ಎಂದು ತಿಳಿಸಿದಳು. ಡಾಕ್ಟರರಿಗೆ ಅವಮಾನವಾಯಿತು. ಬಹಳ ದಿನ ಅವಳೊಡನೆ ಮಾತಾಡಲಿಲ್ಲ. ಆದರೆ ಕೆಲಸದಿಂದ ತೆಗೆಯಲಿಲ್ಲ, "ತೆಗೀರಿ ಸರ್," ಎಂದು ಅವಳೇ ಹೋಗಿ ಕೇಳಿದಾಗ, "ಹೋದ್ರ ನೀ ಹಗರಾಗತೀ. ಇದ್ದು ತಿದ್ದು," ಎಂದರು. ಅವಳು ಉಳಿದಳು. ಗಂಟಿನ ಕಾಗದಗಳನ್ನೆಲ್ಲ ಬಿಚ್ಚಿ, ಒಬ್ಬೊಬ್ಬರಿಗೂ ಒಂದು ನಂಬರು ಕೊಟ್ಟು, ಹೆಸರು ಕೂಡಿದರೂ ಮನುಷ್ಯರೊಬ್ಬರು ಹೋಗಿ ಗುಟ್ಟಾಗಿ ವಿಚಾರಿಸದೆ ಯಾರ ಬಾಗಿಲಿಗೂ ಔಷಧ ಹೋಗದಂತೆ ಮಾಡಿದಳು. ಕೆಲಸ ನಿಧಾನವಾಯಿತು. ಬೇರೆ ಊರಿನ ಆಸ್ಪತ್ರೆಗಳವರು ಬಂದು ಈ ಪದ್ಧತಿ ನೋಡಿ ಭೇಷ್ ಎಂದರು. ಭೇಷ್ ಎಂದಾಗಲೆಲ್ಲ ಅವಳು ಬೇರೆ ಮಾತು ತೆಗೆಯುತ್ತಿದ್ದಳು.

ಎರಡು ವರ್ಷದ ಮೇಲೆ ಒಂದು ಸೋಮವಾರ, ಹೆಂಗಸರ ತಪಾಸಣೆಯ ಪಡಸಾಲೆಯಲ್ಲಿ ನರ್ಸು ಒಂದೇ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿದ್ದಳು. ಯಾರೂ ಏಳುತ್ತಿರಲಿಲ್ಲ. ಮುನೀರಾ ಹೊರಗೆ ಬಂದು ನೋಡಿದರೆ, ತುಂಬು ಬಸುರಿ ಶಂಕ್ರೆವ್ವ ಬೆಂಚಿನ ತುದಿಯಲ್ಲಿ ಕೂತು, ಕಿಟಕಿಯಾಚೆ ಬೇವಿನ ಗಿಡದಲ್ಲಿ ಅಳಿಲಾಡುವುದನ್ನು ನೋಡುತ್ತಿದ್ದಳು. ಬಸಗೊಂಡಪ್ಪ ನೀರು ತರಲು ಹೋಗಿದ್ದ. ಇನ್ನಾರೂ ಇಲ್ಲವೆಂದು ಮುನೀರಾಳೇ ಹೋಗಿ ಮೆಲ್ಲಗೆ ಅವಳ ಹೆಗಲು ಮುಟ್ಟಿದಳು.

ಶಂಕ್ರೆವ್ವ ತಿರುಗಿದಳು. ಯಾರೆಂದು ಗುರುತು ಹತ್ತಿತು. ಮುಖದಲ್ಲಿ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಹೆಗಲನ್ನು ಆ ಕೈಯ ಕೆಳಗಿಂದ ಸರಿಸಿಕೊಂಡು, ಬೆಂಚು ಹಿಡಿದು ಎದ್ದು, ನರ್ಸಿನ ಕಡೆಗೆ ನಡೆದು ಹೋದಳು. ಮುನೀರಾ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅಲ್ಲೇ ನಿಂತಳು.